ಮೊದಲ ಹಾಲು: ಕರುವಿಗೂ, ಕೂಸಿಗೂ



ಹಸು ಈದ ಕೂಡಲೇ ಕರುವಿಗೆ ಗಿಣ್ಣು ಹಾಲು ಕುಡಿಸಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 30 ಕಿಲೋ ತೂಗುವ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್ ಗಿಣ್ಣು ಬೇಕು. ತಡವಾದಷ್ಟೂ ಅದರ ರೋಗನಿರೋಧಕ ಅಂಶಗಳನ್ನು ಹೀರುವ ಶಕ್ತಿ ಕರುಳಿಗೆ ಕುಂದುತ್ತದೆ. ಒಂದು ದಿನ ಕಳೆದರೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ.

ಕೊಟ್ಟಿಗೆಯಲ್ಲಿ ಪಾಲಿಸುವ ಈ ನಿಯಮವನ್ನು ಬಾಣಂತಿಯ ಕೋಣೆಯಲ್ಲಿ ಮರೆಯುವ ಮನೆಗಳು ಇನ್ನೂ ಇವೆ. ತಾಯಿಯ ಮೊದಲ ಹಾಲು ಹಳದಿ, ಅಂಟು, ಆದ್ದರಿಂದ ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಾರೆ. ಬದಲಿಗೆ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ ನೆಕ್ಕಿಸುತ್ತಾರೆ. ಇವುಗಳಿಂದ ಸೋಂಕು ತಗಲುವ ಭಯವಿದೆ. ಜೇನನ್ನಂತೂ ವರ್ಷ ತುಂಬುವವರೆಗೆ ಕೊಡಲೇಬಾರದು.

ಮನುಷ್ಯರ ಕೂಸು ಗರ್ಭದಲ್ಲೇ ತಾಯಿಯಿಂದ ಕೆಲಮಟ್ಟಿನ ರಕ್ಷಣೆ ಪಡೆದಿರುತ್ತದೆ. ಕರುವಿಗೆ ಅದಿಲ್ಲ, ನಿಜ. ಆದರೆ ಕೂಸಿನ ಕರುಳಿನ ಒಳಮೈಗೆ ಲೇಪದಂತೆ ಹರಡಿ, ಭೇದಿಯ ರೋಗಾಣುಗಳನ್ನು ತಡೆಯುವುದು ಈ ಮೊದಲ ಹಾಲೇ. ಇದರಲ್ಲಿ ಸಸಾರಜನಕವೂ 'ಎ' ಜೀವಸತ್ವವೂ ಹೇರಳವಾಗಿವೆ. ಕೂಸಿನ ಮೊದಲ ಕಪ್ಪು ಮಲ ಸಲೀಸಾಗಿ ಹೊರಬೀಳಲೂ ಇದು ಸಹಾಯಕ.

"ಹಾಲೇ ಬರುತ್ತಿಲ್ಲವಲ್ಲ" ಎಂದು ಗಾಬರಿಯಾಗಬೇಡಿ. ಮೊದಲ ದಿನ ಒಂದು ಸಲಕ್ಕೆ ಬರುವುದು ಚಮಚದಷ್ಟೇ. ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕು. ಅದು ಚೀಪಿದಷ್ಟೂ ಹಾಲು ಹೆಚ್ಚುತ್ತದೆ.

ಹುಟ್ಟಿದ 1 ಗಂಟೆಯೊಳಗೆ ಮೊಲೆಯೂಡಿಸಿ. ಶಸ್ತ್ರಚಿಕಿತ್ಸೆಯ ಹೆರಿಗೆಯಾದರೆ ದಾದಿಯರ ನೆರವು ಕೇಳಿ. 6 ತಿಂಗಳು ತಾಯಿಯ ಹಾಲು ಮಾತ್ರ ಕೊಡಿ; ನೀರೂ ಬೇಡ. ವೈದ್ಯರು ಹೇಳಿದ ಔಷಧಿಗಳಿಗೆ ಅಡ್ಡಿಯಿಲ್ಲ.

ಈ ಮಾತನ್ನು ಗಂಡಸರೂ ಮನೆಯ ಹಿರಿಯರಿಗೆ ತಿಳಿಸಬೇಕು. ಕರುವಿನ ಪಾಲನ್ನು ಕಾಯುವ ನಾವು ಕೂಸಿನ ಪಾಲನ್ನು ಚೆಲ್ಲದಿರೋಣ.