ಹಿಮದ ಮಡಿಲಲ್ಲಿ ಒಂದು ರಾತ್ರಿಯ ನಿದ್ದೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ಹಿಮದ ಮೇಲೆ ಡೇರೆ ಹೂಡಿ ಮಲಗುವವರು ಈ ಮಾತನ್ನು ತಿರುವಿ ಹೇಳಿಕೊಳ್ಳಬೇಕಾಗುತ್ತದೆ: ಕಾಲು ಇದ್ದಷ್ಟೇ ಹಾಸಿಗೆ ಇರಬೇಕು. ಏಕೆಂಬುದನ್ನು ಹೇಳುತ್ತೇನೆ.

ನಮ್ಮ ನಾಡಿನ ತರುಣ ತರುಣಿಯರು ಈಗ ಡಿಸೆಂಬರ್, ಜನವರಿಯ ರಜೆಯಲ್ಲಿ ಉತ್ತರಾಖಂಡದ ಕೇದಾರಕಂಠದಂಥ ಶಿಖರಗಳಿಗೆ ಚಾರಣ ಹೋಗುವುದುಂಟು. ಅದರ ಎತ್ತರ ಸುಮಾರು ೩,೮೦೦ ಮೀಟರು. ಸಾವಿರ ಮೀಟರು ಏರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮಡಿಕೇರಿಯ ಮಾಗಿಯನ್ನೇ ದೊಡ್ಡ ಚಳಿಯೆಂದು ತಿಳಿದ ನಾನೂ ಒಮ್ಮೆ ಹಾಗೆ ಹೋದವನೇ. ಬಾಡಿಗೆಗೆ ತಂದ ಸ್ಲೀಪಿಂಗ್ ಬ್ಯಾಗಿನ ಮೇಲೆ 'ಮೈನಸ್ ೧೦' ಎಂದು ಬರೆದಿತ್ತು. ಹೊರಗೆ ಅಷ್ಟೂ ಚಳಿ ಇರಲಿಲ್ಲ. ಆದರೂ ಹಲ್ಲು ಕಟಕಟಿಸುತ್ತ ಬೆಳಗು ಮಾಡಿದೆ. ತಪ್ಪು ಬ್ಯಾಗಿನದಲ್ಲ, ಓದಲು ತಿಳಿಯದ ನನ್ನದು.

ಆ ಚೀಟಿಯ ಮೇಲೆ ಸಾಮಾನ್ಯವಾಗಿ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಹಾಯಾಗಿ ಮಲಗಬಹುದಾದ ಉಷ್ಣತೆ. ಎರಡನೆಯದು ಮುದುಡಿಕೊಂಡು ಹೇಗೋ ನಿದ್ದೆ ಮಾಡಬಹುದಾದ ಮಿತಿ. ಮೂರನೆಯದು ಪ್ರಾಣ ಹೋಗದೆ ಕೆಲವು ಗಂಟೆ ಕಳೆಯಬಹುದಾದ ಮಿತಿ. ಅಲ್ಲಿ ಕೈಕಾಲು ಮರಗಟ್ಟಿದರೆ ಆಶ್ಚರ್ಯವಿಲ್ಲ. ನಾನು ನಂಬಿದ್ದು ಈ ಮೂರನೆಯ ಅಂಕಿಯನ್ನು! ನೀವು ನೋಡಬೇಕಾದದ್ದು ಮೊದಲನೆಯದನ್ನು. ನೀವು ಹೋಗುವ ಸ್ಥಳದ ಚಳಿಗಿಂತ ಅದು ಐದಾರು ಡಿಗ್ರಿ ಕೆಳಗಿದ್ದರೆ ಕ್ಷೇಮ.

ಬ್ಯಾಗು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಕುರುಬರ ಕಂಬಳಿಯೂ ಹಾಗೆಯೇ. ನಮ್ಮ ಮೈಯ ಬಿಸಿ ಓಡಿಹೋಗದಂತೆ ಗಾಳಿಯನ್ನು ಎಳೆಗಳ ನಡುವೆ ಹಿಡಿದಿಡುವುದಷ್ಟೇ ಅದರ ಕೆಲಸ. ಬ್ಯಾಗು ಅಳತೆಗಿಂತ ದೊಡ್ಡದಾದರೆ ಒಳಗಿನ ಬರಿದಾದ ಜಾಗವನ್ನೆಲ್ಲ ನಮ್ಮ ಮೈಯೇ ಕಾಯಿಸಬೇಕು, ಕಾಲು ತಣ್ಣಗಾಗುತ್ತದೆ. ತೀರ ಬಿಗಿಯಾದರೆ ತುಂಬಿದ ಪದರ ಅದುಮಿಹೋಗಿ ಗಾಳಿ ನಿಲ್ಲುವುದಿಲ್ಲ. ಆದ್ದರಿಂದಲೇ ಕಾಲಿದ್ದಷ್ಟು ಹಾಸಿಗೆ ಎಂದದ್ದು. ತಲೆಯನ್ನೂ ಮುಚ್ಚುವ ಮುಸುಕು ಇರಬೇಕು.

ಬ್ಯಾಗಿನ ಒಳಗೆ ತುಂಬುವ ವಸ್ತು ಎರಡು ಬಗೆ. ಬಾತುಗಳ ತುಪ್ಪುಳ ಹಗುರ, ಬೆಚ್ಚಗೆ, ಮಡಿಸಿದರೆ ಪುಟ್ಟ ಗಂಟು. ಬೆಲೆ ಮಾತ್ರ ಹೆಚ್ಚು. ಒದ್ದೆಯಾದರೆ ಮುದ್ದೆಯಾಗಿ ಕೆಲಸಕ್ಕೆ ಬಾರದು. ಕೃತಕ ಎಳೆಯದು ಭಾರ, ಗಾತ್ರವೂ ದೊಡ್ಡದು. ಆದರೆ ನೆಂದರೂ ಒಂದಿಷ್ಟು ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ. ಒಣ ಚಳಿಗೆ ಮೊದಲನೆಯದು, ತೇವದ ಚಳಿಗೆ ಎರಡನೆಯದು.

ಹಲವರು ಮರೆಯುವುದು ಕೆಳಗಿನ ಹಾಸನ್ನು. ಮಲಗಿದವನ ಭಾರಕ್ಕೆ ಬೆನ್ನಡಿಯ ತುಪ್ಪುಳ ಅದುಮಿಹೋಗುತ್ತದೆ; ಆಮೇಲೆ ನೆಲದ ಮಂಜು ನೇರವಾಗಿ ಮೈಯ ಶಾಖವನ್ನು ಹೀರುತ್ತದೆ. ಹಣ ಕಡಮೆಯಿದ್ದರೆ ಒಂದರ ಮೇಲೊಂದು ಎರಡು ಫೋಮ್ ಚಾಪೆ ಹಾಸಿ. ಎರಡರ ತಡೆಯೂ ಕೂಡಿಕೊಳ್ಳುತ್ತದೆ.

ಇನ್ನು ಡೇರೆ. ಅದು ಗಾಳಿಯನ್ನೂ ಹಿಮವನ್ನೂ ತಡೆಯುತ್ತದೆಯೇ ಹೊರತು ಬಿಸಿಕೋಣೆಯಲ್ಲ. ಹಿಮಕಾಲಕ್ಕೆ ಬಲವಾದ ಕಂಬಿಗಳು, ಹಿಮ ಜಾರುವಂಥ ಇಳಿಜಾರು, ನೆಲದವರೆಗೂ ಬರುವ ಹೊರಪದರ ಬೇಕು. ಸಾಧಾರಣ ಗೂಟ ಹಿಮದಲ್ಲಿ ನಿಲ್ಲದು. ಚಿಕ್ಕ ಚೀಲಕ್ಕೆ ಹಿಮ ತುಂಬಿ, ಹಗ್ಗ ಕಟ್ಟಿ, ಹೂತು, ಮೇಲೆ ತುಳಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಚಳಿಯೆಂದು ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಉಸಿರಿನ ತೇವ ಒಳಗೋಡೆಗೆ ಹೆಪ್ಪುಗಟ್ಟಿ, ಬೆಳಗ್ಗೆ ಕರಗಿ ಹಾಸಿಗೆಯ ಮೇಲೇ ತೊಟ್ಟಿಕ್ಕುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮುಚ್ಚಿದ ಡೇರೆಯೊಳಗೆ ಒಲೆಯನ್ನಾಗಲಿ, ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಇಟ್ಟುಕೊಂಡು ಮಲಗಬೇಡಿ. ಅದರಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಬೆಚ್ಚಗಾಗಲು ನಿರಪಾಯವಾದ ಉಪಾಯಗಳಿವೆ: ಹೊಟ್ಟೆತುಂಬ ಊಟ, ಒಣಗಿದ ಉಣ್ಣೆಯ ಕಾಲುಚೀಲ, ಬಟ್ಟೆ ಸುತ್ತಿ ಕಾಲ ಬಳಿ ಇಟ್ಟ ಬಿಸಿನೀರಿನ ಸೀಸೆ.

೧೯೫೩ರ ಮೇ ೨೯ರ ಬೆಳಗ್ಗೆ ಎವರೆಸ್ಟಿನ ಕೊನೆಯ ಡೇರೆಯಲ್ಲಿ ಹಿಲರಿಯವರ ಬೂಟುಗಳು ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಅವನ್ನು ಕಾಯಿಸಿ ಮೆತ್ತಗೆ ಮಾಡಲು ಸುಮಾರು ಎರಡು ಗಂಟೆ ಹಿಡಿಯಿತು. ಆಮೇಲೆ ಅವರೂ ತೇನ್‌ಸಿಂಗರೂ ಶಿಖರ ಮುಟ್ಟಿದರು. ಅಂಥ ಧೀರರನ್ನೂ ಕಾಯಿಸಿ ನಿಲ್ಲಿಸಿದ ಚಳಿ ಅದು. ನಾವಂತೂ ಅದರೊಡನೆ ವಿನಯದಿಂದಲೇ ನಡೆದುಕೊಳ್ಳೋಣ. ಹೊರಡುವ ಮುನ್ನ ನಿಮ್ಮ ಬ್ಯಾಗನ್ನು ಮನೆಯ ಮಾಳಿಗೆಯ ಮೇಲೆ ಹಾಸಿ, ಒಳಗೆ ಹೊಕ್ಕು, ಜಿಪ್ಪು ಎಳೆದು ಒಂದು ರಾತ್ರಿ ಮಲಗಿ ನೋಡಿ. ಮಕ್ಕಳು ನಗಬಹುದು, ನಗಲಿ. ಅಲ್ಲಿ ಕಂಡ ಕೊರತೆಯನ್ನು ಅಂಗಡಿಗೆ ಹೋಗಿ ಸರಿಪಡಿಸಿಕೊಳ್ಳಬಹುದು. ಹಿಮದ ಮೇಲೆ ಅಂಗಡಿಯಿಲ್ಲ.