ಇಯರ್‌ಫೋನ್: ಆಯ್ಕೆ ಮತ್ತು ಆಲಿಕೆ



ದೂರದರ್ಶನದಲ್ಲಿ ವಾರ್ತೆ ಓದುವವರು ತಲೆಯನ್ನು ತುಸು ತಿರುಗಿಸಿದಾಗ ಅವರ ಕಿವಿಯ ಹಿಂದಿನಿಂದ ಕೊರಳಪಟ್ಟಿಯೊಳಕ್ಕೆ ಇಳಿಯುವ ಸುರುಳಿಯಾಕಾರದ ಪಾರದರ್ಶಕ ಕೊಳವೆಯೊಂದನ್ನು ನೀವು ಗಮನಿಸಿರಬಹುದು. ಆ ಕೊಳವೆಯ ಇನ್ನೊಂದು ತುದಿಯಲ್ಲಿ ಮಾತನಾಡುವವನು ನನ್ನಂಥ ಒಬ್ಬ ನಿರ್ಮಾಪಕ. "ಇನ್ನು ಹತ್ತು ಸೆಕೆಂಡು", "ಎರಡನೆಯ ಕ್ಯಾಮೆರಾ ನೋಡಿ", "ಮುಂದಿನ ಸುದ್ದಿ ಬಿಡಿ" ಎಂದೆಲ್ಲ ನಾವು ಒಳಗಿನಿಂದ ಹೇಳುತ್ತಿರುತ್ತೇವೆ. ಅವರು ಮುಖದ ಭಾವ ಕೆಡದಂತೆ ಒಂದು ಕಿವಿಯಲ್ಲಿ ನಮ್ಮನ್ನು ಕೇಳುತ್ತಲೇ ನಿಮ್ಮೊಡನೆ ಮಾತನಾಡುತ್ತಿರುತ್ತಾರೆ. ಕಿವಿಯೊಳಗೆ ಕೂರುವ ಈ ಪುಟ್ಟ ಯಂತ್ರದೊಡನೆ ನನ್ನದು ಇಪ್ಪತ್ತು ವರ್ಷಗಳಿಗೂ ಮೀರಿದ ಒಡನಾಟ. ನಿಮಗೂ ಅದು ಹೊಸದಲ್ಲ. ಕಾಲೇಜಿನ ಬಸ್ಸಿನಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ, ಸಂಜೆಯ ನಡಿಗೆಯಲ್ಲಿ ಅದು ನಿಮ್ಮ ಜೊತೆಗೇ ಇರುತ್ತದೆ. ಆದರೆ ಕೊಳ್ಳುವಾಗ ಏನು ನೋಡಬೇಕು, ಕೇಳುವಾಗ ಏನು ಕೇಳಬೇಕು ಎಂದು ಯಾರೂ ನಮಗೆ ಹೇಳಿಕೊಡುವುದಿಲ್ಲ.

ಮೊದಲು ನನ್ನದೇ ಒಂದು ಪ್ರಸಂಗ. ಕೆಲವು ವರ್ಷಗಳ ಹಿಂದೆ ಹೊಸದೊಂದು ಇಯರ್‌ಫೋನ್ ಕೊಂಡೆ. ಮಲೆನಾಡಿನ ಕಾಡಿನಲ್ಲಿ ನಾವು ಮುದ್ರಿಸಿಕೊಂಡಿದ್ದ ಜೀರುಂಡೆಗಳ ಸದ್ದನ್ನು ಅದರಲ್ಲಿ ಹಾಕಿ ಕೇಳಿದೆ. ಒಂದೇ ಮೈಕಿನಿಂದ ಮುದ್ರಿಸಿದ ಸದ್ದು. ಎರಡೂ ಕಿವಿಗೆ ಸರಿಸಮನಾಗಿ ಬರಬೇಕು. ಬಲಗಡೆ ಕಾಡಿಗೆ ಕಾಡೇ ಮೊರೆಯುತ್ತಿತ್ತು, ಎಡಗಡೆ ಮಾತ್ರ ಮಂಕು. ಮಾಲು ಕೆಟ್ಟಿದೆ ಎಂದು ತಿಳಿದು ಅಂಗಡಿಗೆ ಹಿಂದಕ್ಕೆ ಒಯ್ದೆ. ಗಲ್ಲಾದ ಹಿಂದೆ ನಿಂತಿದ್ದ ಹುಡುಗ, ನಿಮ್ಮದೇ ವಯಸ್ಸು, ಜಗಳಕ್ಕೆ ಬರಲಿಲ್ಲ. "ಸಾರ್, ಬಲದ್ದನ್ನ ಎಡಕ್ಕೆ, ಎಡದ್ದನ್ನ ಬಲಕ್ಕೆ ಹಾಕ್ಕೊಂಡು ನೋಡಿ" ಎಂದ. ಹಾಕಿಕೊಂಡೆ. ದೋಷ ಇಯರ್‌ಫೋನಿನದಾಗಿದ್ದರೆ ಮಂಕು ಈಗ ಬಲಗಡೆಗೆ ಬರಬೇಕಿತ್ತು. ಬರಲಿಲ್ಲ, ಎಡಗಡೆಯಲ್ಲೇ ಉಳಿಯಿತು. ಕೆಟ್ಟಿದ್ದದ್ದು ನನ್ನ ಎಡಗಿವಿ. ವಿಜ್ಞಾನದ ಪದವೀಧರನಾದ ನನಗೆ ಹೊಳೆಯದ ಪ್ರಯೋಗ ಆ ಹುಡುಗನಿಗೆ ಹೊಳೆಯಿತು ಎಂಬ ನಾಚಿಕೆಯೊಡನೆ ಅಂಗಡಿಯಿಂದ ಹೊರಬಂದೆ.

ಶ್ರವಣ ಪರೀಕ್ಷೆ ಮಾಡಿಸಿದಾಗ ನಕ್ಷೆಯಲ್ಲಿ 4,000 ಹರ್ಟ್ಸ್‌ನ ಬಳಿ ಗುಂಡಿ ಬಿದ್ದ ಹಾಗೆ ಒಂದು ತಗ್ಗು ಕಂಡಿತು. ವರ್ಷಾನುಗಟ್ಟಲೆ ಗದ್ದಲದ ಹೊರಾಂಗಣ ಚಿತ್ರೀಕರಣಗಳಲ್ಲಿ ಎಡಗಿವಿಗೆ ಮಾತ್ರ ಹೆಡ್‌ಫೋನ್ ಒತ್ತಿಕೊಂಡು, ಸುತ್ತಲಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಿದ್ದೆನಲ್ಲ, ಅದರ ಫಲ ಅದು. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ.

ಅದೇಕೆ ಸರಿಯಾಗಿ ಅಲ್ಲೇ ತಗ್ಗು ಬೀಳುತ್ತದೆ? ಪಿಯುಸಿ ಪ್ರಯೋಗಾಲಯದಲ್ಲಿ ಅನುನಾದ ನಳಿಕೆಯ ಪ್ರಯೋಗ ಮಾಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಮ್ಮ ಕಿವಿಯ ಹೊರನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ತೆರೆದ, ಇನ್ನೊಂದು ತುದಿ ಕಿವಿತಮಟೆಯಿಂದ ಮುಚ್ಚಿದ ಕೊಳವೆ. ಅಂಥ ಕೊಳವೆಯಲ್ಲಿ ಅನುನಾದವಾಗುವ ತರಂಗದ ಉದ್ದ ಕೊಳವೆಯ ನಾಲ್ಕರಷ್ಟು, ಅಂದರೆ ಹತ್ತು ಸೆಂಟಿಮೀಟರ್. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಂಡು ಭಾಗಿಸಿದರೆ 3,400 ಹರ್ಟ್ಸ್ ಬರುತ್ತದೆ. ಕಿವಿ ಗಾಜಿನ ನಳಿಕೆಯಲ್ಲವಾದ್ದರಿಂದ ನಿಜವಾದ ಬೆಲೆ ಇದಕ್ಕಿಂತ ತುಸು ಕೆಳಗೆ, 3,000 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಆ ಭಾಗದ ಸದ್ದನ್ನು ಕಿವಿ ತಾನೇ ವರ್ಧಿಸಿ ಒಳಗೆ ಕಳಿಸುತ್ತದೆ. ಹೆಚ್ಚು ಪೆಟ್ಟು ಬೀಳುವುದೂ ಅದರ ಪಕ್ಕದಲ್ಲೇ. ಒಳಗೆ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಭಾಗದಲ್ಲಿ, ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶಗಳಿವೆ. ನಮಗೆ ದೊರೆತ ಬಂಡವಾಳ ಅಷ್ಟೇ. ಕೋಳಿಯ ಕಿವಿಯಲ್ಲಿ ಅವು ಸತ್ತರೆ ಮತ್ತೆ ಬೆಳೆಯುತ್ತವೆ. ಮನುಷ್ಯನ ಕಿವಿಯಲ್ಲಿ ಬೆಳೆಯುವುದಿಲ್ಲ.

ಹಾಗಾದರೆ ಇಯರ್‌ಫೋನೇ ಬೇಡವೆ? ಖಂಡಿತ ಹಾಗಲ್ಲ. ಸರಿಯಾದದ್ದನ್ನು ಆರಿಸಿದರೆ ಅದೇ ಕಿವಿಗೆ ಕಾವಲು ಎಂದು ನನ್ನ ಅಭಿಪ್ರಾಯ. ಅದು ಹೇಗೆಂದು ನೋಡೋಣ.

1979ರ ಜುಲೈನಲ್ಲಿ ಜಪಾನಿನ ಸೋನಿ ಸಂಸ್ಥೆ ವಾಕ್‌ಮನ್ ಮಾರುಕಟ್ಟೆಗೆ ತಂದಾಗ ಅದರೊಡನೆ ಬಂದದ್ದು ಕಿವಿಯ ಮೇಲೆ ಸ್ಪಂಜು ಇಟ್ಟು ಕೂರಿಸುವ ಹಗುರ ಹೆಡ್‌ಫೋನ್. ನಂತರ ಬಂದ, ಕಿವಿಯ ಬಾಗಿಲಲ್ಲಿ ಗುಂಡಿಯಂತೆ ಸಿಕ್ಕಿಸುವ ಇಯರ್‌ಫೋನ್‌ಗಳು ನಮ್ಮ ವಿದ್ಯಾರ್ಥಿ ದಿನಗಳ ಸಂಗಾತಿ. ಇವೆರಡೂ ಹೊರಗಿನ ಸದ್ದನ್ನು ತಡೆಯುವುದಿಲ್ಲ. ಕಿವಿನಾಳದೊಳಕ್ಕೇ ತೂರಿ ಬಿರಡೆಯಂತೆ ಮುಚ್ಚುವ ಬಗೆಗೆ ಸ್ಫೂರ್ತಿ ಬಂದದ್ದು ಬೇರೆ ದಿಕ್ಕಿನಿಂದ, ಶ್ರವಣಸಾಧನಗಳ ಲೋಕದಿಂದ. ಶ್ರವಣಸಾಧನಗಳ ತಜ್ಞ ಮೀಡ್ ಕಿಲಿಯನ್ 1983ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಎಟಿಮೋಟಿಕ್ ರಿಸರ್ಚ್ ಸಂಸ್ಥೆ 1991ರಲ್ಲಿ ಇಆರ್-4 ಎಂಬ ಇಯರ್‌ಫೋನನ್ನು ಹೊರತಂದಿತು. ಇಂದು ನೀವು ಬಳಸುವ ರಬ್ಬರು ತುದಿಯ ಇಯರ್‌ಫೋನ್‌ಗಳು ಅದರ ವಂಶದವೇ.

ಈ ಬಿರಡೆಯಲ್ಲೇ ಇಡೀ ಗುಟ್ಟಿದೆ. ಸೈಕಲ್ ಪಂಪಿನ ವಾಷರ್ ಸವೆದಿದ್ದರೆ ಎಷ್ಟು ಒತ್ತಿದರೂ ಟ್ಯೂಬಿಗೆ ಗಾಳಿ ಹೋಗದೆ ಪಕ್ಕದಿಂದ ಸೋರಿಹೋಗುತ್ತದಲ್ಲವೆ? ಇಯರ್‌ಫೋನಿನ ಪುಟ್ಟ ಪೊರೆಯೂ ಒಂದು ಪಂಪು. ಪೊರೆಗೂ ಕಿವಿತಮಟೆಗೂ ನಡುವೆ ಸಿಕ್ಕ ಒಂದೆರಡು ಘನ ಸೆಂಟಿಮೀಟರ್ ಗಾಳಿಯನ್ನು ಅದು ಹಿಂದೆ ಮುಂದೆ ತಳ್ಳುತ್ತದೆ. ಮಂದ್ರದ ಸದ್ದು ನಿಧಾನಗತಿಯದಾದ್ದರಿಂದ ಎಲ್ಲೋ ಒಂದು ಸಣ್ಣ ಬಿರುಕಿದ್ದರೂ ಗಾಳಿಗೆ ಸೋರಿಹೋಗಲು ಸಮಯ ಸಿಗುತ್ತದೆ. "ಇದರಲ್ಲಿ ಬೇಸೇ ಇಲ್ಲ" ಎಂದು ಜನ ದೂರುವ ಎಷ್ಟೋ ಇಯರ್‌ಫೋನ್‌ಗಳಲ್ಲಿ ಬೇಸ್ ಇರುತ್ತದೆ, ಅವರ ಕಿವಿಗೆ ತಕ್ಕ ರಬ್ಬರು ಇರುವುದಿಲ್ಲ. ಪೆಟ್ಟಿಗೆಯಲ್ಲಿ ಸಣ್ಣ, ಮಧ್ಯಮ, ದೊಡ್ಡದು ಎಂದು ಮೂರು ಜೊತೆ ಕೊಟ್ಟಿರುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಮಧ್ಯಮದ್ದನ್ನು ಬಿಟ್ಟು ಉಳಿದವನ್ನು ಪೆಟ್ಟಿಗೆಯ ಸಮೇತ ಎಸೆಯುತ್ತೇವೆ. ದಯವಿಟ್ಟು ಎಸೆಯಬೇಡಿ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು, ನನಗೆ ಬೇಕು. ಎದುರು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ಹಿಡಿದರೆ ನಾಳ ನೇರವಾಗುತ್ತದೆ, ಆಗ ತೂರಿಸಿ. ಸರಿಯಾಗಿ ಕೂತಾಗ ಹೊರಗಿನ ಲೋಕ ಒಮ್ಮೆಗೇ ದೂರ ಸರಿದಂತಾಗುತ್ತದೆ. ಸಿಲಿಕೋನ್ ಒಗ್ಗದವರಿಗೆ ಹಿಸುಕಿ ತೂರಿಸುವ ಸ್ಪಂಜಿನ ತುದಿಗಳೂ ಸಿಗುತ್ತವೆ.

ಈಗ ಬಸ್ಸಿಗೆ ಬನ್ನಿ. ಎಂಜಿನ್ನಿನ ಪಕ್ಕದ ಸೀಟು, ಕಿಟಕಿಯ ಗಾಜು ಗಡಗಡ ಎನ್ನುತ್ತಿದೆ. ಬಾಗಿಲಲ್ಲಿ ಕೂರುವ ಬಗೆಯ ಇಯರ್‌ಫೋನ್ ಹಾಕಿದವನು ಹಾಡು ಕೇಳಬೇಕಾದರೆ ಬಸ್ಸಿನ ಸದ್ದಿಗಿಂತ ಮೇಲೆ ಹೋಗಲೇಬೇಕು. ನಾನು ಚಿತ್ರೀಕರಣದಲ್ಲಿ ಮಾಡಿದ ತಪ್ಪು ಇದೇ. ಬಿರಡೆಯಂತೆ ಕೂತ ಇಯರ್‌ಫೋನ್ ಹೊರಗಿನ ಸದ್ದನ್ನೇ ಇಳಿಸುವುದರಿಂದ ಹಾಡನ್ನು ಅಷ್ಟು ಏರಿಸಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದರೆ ಶಕ್ತಿ ಇಮ್ಮಡಿ, ಆದ್ದರಿಂದ ಕೇಳುವ ಸಮಯ ಅರ್ಧ. ಹೀಗೆ ಇಳಿಯುತ್ತಾ ಹೋದರೆ 90 ಡೆಸಿಬೆಲ್‌ಗೆ ವಾರಕ್ಕೆ ನಾಲ್ಕು ಗಂಟೆ, 95ಕ್ಕೆ ಒಂದೂಕಾಲು ಗಂಟೆ, 100ಕ್ಕೆ ಬರೇ ಇಪ್ಪತ್ತು ನಿಮಿಷ. ದಿನಕ್ಕಲ್ಲ, ವಾರಕ್ಕೆ. ನಿಮ್ಮ ಫೋನಿನಲ್ಲಿ ವಾಲ್ಯೂಮ್ ಅರವತ್ತು ಪಾಲಿನ ಕೆಳಗಿರಲಿ ಎಂಬ ಸಲಹೆ ಇಲ್ಲಿಂದ ಬಂದದ್ದು. ಹಾಡು ನಿಲ್ಲಿಸಿದ ಮೇಲೂ ಕಿವಿಯಲ್ಲಿ ಗುಯ್‌ಗುಡುವ ಸದ್ದು ಉಳಿದರೆ ಮಿತಿ ಮೀರಿದೆ ಎಂದು ತಿಳಿಯಿರಿ. ಅದು ದಿನಗಟ್ಟಲೆ ಹೋಗದಿದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ.

ಹೊರಗಿನ ಸದ್ದನ್ನು ವಿದ್ಯುನ್ಮಾನದಿಂದಲೇ ಅಳಿಸುವ ಇಯರ್‌ಫೋನ್‌ಗಳ ಬಗೆಗೂ ನೀವು ಕೇಳಿರುತ್ತೀರಿ. ಬಂಗಾಳಿ ತಂದೆಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಅಮರ್ ಬೋಸ್ ಅವರಿಗೆ 1978ರ ಒಂದು ವಿಮಾನಯಾನದಲ್ಲಿ ಎಂಜಿನ್ನಿನ ಮೊರೆತದಿಂದ ಸಂಗೀತ ಕೇಳಿಸದೆ ಈ ಆಲೋಚನೆ ಹುಟ್ಟಿತು. ಪುಟ್ಟ ಮೈಕು ಹೊರಗಿನ ಸದ್ದನ್ನು ಹಿಡಿಯುತ್ತದೆ. ಅದರ ತಲೆಕೆಳಗಾದ ತರಂಗವನ್ನು ಸೇರಿಸಿದಾಗ ಉಬ್ಬಿಗೆ ತಗ್ಗು ಸೇರಿ ಎರಡೂ ಕರಗುತ್ತವೆ. ಎಂಜಿನ್, ಫ್ಯಾನು ಮುಂತಾದ ಒಂದೇ ಸಮನೆ ಗುನುಗುವ ತಗ್ಗಿನ ಸದ್ದಿಗೆ ಇದು ಚೆನ್ನಾಗಿ ಒದಗುತ್ತದೆ. ಹಾರ್ನಿಗೆ, ಪಕ್ಕದವರ ಹರಟೆಗೆ ಅಷ್ಟಾಗಿ ಒದಗದು. ಅಲ್ಲಿ ಮತ್ತೆ ರಬ್ಬರು ಬಿರಡೆಯೇ ಗತಿ.

ಇನ್ನು ಬೆಲೆ. ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 2017ರಲ್ಲಿ 283 ಹೆಡ್‌ಫೋನ್‌ಗಳ ಅಳತೆಗಳನ್ನು ಬೆಲೆಯೊಡನೆ ಹೋಲಿಸಿ, ಸ್ವರಸಮತೋಲಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ ಎಂದು ಪ್ರಕಟಿಸಿದರು. ಆದ್ದರಿಂದ ಅಪ್ಪನ ಜೇಬಿಗೆ ಕೈಹಾಕುವ ಮೊದಲು ಯೋಚಿಸಿ. ಪೆಟ್ಟಿಗೆಯ ಮೇಲಿನ "20ರಿಂದ 20,000 ಹರ್ಟ್ಸ್" ಎಂಬ ಅಂಕಿಗೂ ಮರುಳಾಗಬೇಡಿ. ಆ ಹರವಿನಲ್ಲಿ ಎಲ್ಲಿ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಹೇಳದೆ ಆ ಅಂಕಿಗೆ ಅರ್ಥವಿಲ್ಲ. ತಂತಿಯಿಲ್ಲದ್ದು ಅನುಕೂಲವೇನೋ ಹೌದು. ಆದರೆ ಅದರ ಪುಟ್ಟ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಬದಲಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಸದ್ದು ಕ್ಷಣಾರ್ಧ ತಡವಾಗಿ ಬರುತ್ತದೆ. ನೀವೇ ಹಾಡಿ ಮುದ್ರಿಸಿಕೊಳ್ಳುವಾಗ ಇದು ತಾಳ ತಪ್ಪಿಸುತ್ತದೆ. ವಿದ್ಯಾರ್ಥಿಗೆ ಐನೂರು ರೂಪಾಯಿ ಆಸುಪಾಸಿನ, ತಂತಿಯಿರುವ, ಚೆನ್ನಾಗಿ ಕೂರುವ ಇಯರ್‌ಫೋನ್ ಸಾಕೆಂಬುದು ನನ್ನ ಮತ. ಹೆಚ್ಚು ಹಣವಿದ್ದರೆ ಸಂಗೀತ ಕಛೇರಿಗೆ ಹೋಗಿ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಅವರು ಹಾಕುವ ಢಂಢಂ ಹಾಡಿನಿಂದ ಏನೂ ತಿಳಿಯದು. ನಿಮ್ಮ ಫೋನಿನಲ್ಲಿ ತಂಬೂರಿಯ ನಾದವನ್ನು ಒಯ್ಯಿರಿ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಹತ್ತಿಯ ಒಂದು ಎಳೆ ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಮೂಲಸ್ವರದ ಮೇಲೆ ಉಪಸ್ವರಗಳ ಗೊಂಚಲೇ ಅರಳುತ್ತದೆ. ನಮ್ಮ ಸಿ. ವಿ. ರಾಮನ್ ಅವರು 1921ರಲ್ಲಿ, ಬೆಂಗಳೂರಿಗೆ ಬರುವುದಕ್ಕೂ ಮುಂಚೆ, ವೀಣೆ ಮತ್ತು ತಂಬೂರಿಯ ಈ ಕುದುರೆಯ ಚಮತ್ಕಾರದ ಮೇಲೆಯೇ ಪ್ರಬಂಧ ಬರೆದರು. ಒಳ್ಳೆಯ ಇಯರ್‌ಫೋನಿನಲ್ಲಿ ಆ ಉಪಸ್ವರಗಳು ಒಂದೊಂದಾಗಿ ಮೇಲೇರಿ ಮರೆಯಾಗುವುದು ಕೇಳುತ್ತದೆ. ಕೆಟ್ಟದ್ದರಲ್ಲಿ ಬರೇ ಜುಂಯ್ ಎನ್ನುತ್ತದೆ. ಆಮೇಲೆ ಮೃದಂಗ. ಬಲಮುಖದ ಕರಿಯ ಕರಣೆಯಿಂದ ಚರ್ಮವೂ ತಂತಿಯ ಹಾಗೆ ಸುಸ್ವರ ನುಡಿಯುವುದನ್ನು ರಾಮನ್ 1920ರಲ್ಲೇ ವಿವರಿಸಿದ್ದರು. ನೀವು ರವೆ ಮೆತ್ತಿದ ಎಡಮುಖದ ಗುಂಕಿಯನ್ನು ಆಲಿಸಿ. ಆ ಜಾರುವ ಮಂದ್ರ ದುಂಡಗೆ ಕೇಳಬೇಕು. ಆದರೆ ಹಾಡುಗಾರರ ಧ್ವನಿಯ ಮೇಲೆ ಕಂಬಳಿ ಹೊದಿಸಬಾರದು.

ಹಳೆಯ ಧ್ವನಿಮುದ್ರಿಕೆಗಳಿಗೆ ಹೆದರಬೇಡಿ. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ತಟ್ಟೆಗಳ ಮುದ್ರಣ ಒಂದೇ ವಾಹಿನಿಯದು. ಎರಡೂ ಕಿವಿಗೆ ಒಂದೇ ಸದ್ದು ಬರುವುದರಿಂದ ಮಿದುಳು ಅದನ್ನು ತಲೆಯ ನಟ್ಟನಡುವೆ ಕೂರಿಸುತ್ತದೆ. ಗೀರಿದ ತಟ್ಟೆಯ ಚಟಪಟದ ಹಿಂದೆ ಅವರು ಉಸಿರು ಎಳೆದುಕೊಳ್ಳುವುದು ಕೂಡ ಕೇಳೀತು. ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತವರಿಗೆ ಈ ಭಾಗ್ಯವಿರಲಿಲ್ಲ.

ಕೆಲವು ಸಣ್ಣ ಮಾತುಗಳು. ಜಾಲರಿಯಲ್ಲಿ ಗುಗ್ಗೆ ಕಟ್ಟಿದರೂ ಒಂದು ಬದಿ ಮಂಕಾಗುತ್ತದೆ. ಒಣಗಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಪಿನ್ನು ಚುಚ್ಚಬೇಡಿ. ಗೆಳೆಯರೊಡನೆ ಹಂಚಿಕೊಳ್ಳುವಾಗ ರಬ್ಬರು ತೊಳೆದು ಒಣಗಿಸಿ ಕೊಡಿ. ರಸ್ತೆ ದಾಟುವಾಗ, ರೈಲು ಹಳಿಯ ಬಳಿ ಎರಡೂ ಕಿವಿಯಿಂದ ತೆಗೆದು ಜೇಬಿಗೆ ಹಾಕಿ. ಹೊರಗಿನ ಸದ್ದನ್ನು ತಡೆಯುವ ಅದರ ಗುಣವೇ ಅಲ್ಲಿ ಶತ್ರು.

ಇಂದು ರಾತ್ರಿ ಮನೆ ಸದ್ದಡಗಿದ ಮೇಲೆ ತಂಬೂರಿಯನ್ನು ಹಾಕಿಕೊಂಡು ಒಂದು ನಿಮಿಷ ಕೇಳಿ. ಒಂದು ಬದಿಯ ಇಯರ್‌ಫೋನನ್ನು ತುಸುವೇ ಸಡಿಲಿಸಿ, ಮಂದ್ರ ಷಡ್ಜ ಕರಗುವುದನ್ನು ಗಮನಿಸಿ, ಮತ್ತೆ ಒತ್ತಿ. ಬಳಿಕ ಅಂಗಡಿಯ ಹುಡುಗ ನನಗೆ ಹೇಳಿದಂತೆ ಬಲದ್ದನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ಬದಲಿಸಿ ಕೇಳಿ. ಎರಡು ಸಲವೂ ಒಂದೇ ಕಿವಿ ಮಂಕೆನಿಸಿದರೆ ನಾಳೆ ಬೆಳಿಗ್ಗೆಯೇ ಮನೆಯವರಿಗೆ ತಿಳಿಸಿ.