ಕಿಟಕಿ ಮತ್ತು ಕನ್ನಡಿ

ಜಿಮ್ ಕಾಲಿನ್ಸ್ ಅವರ ‘ಗುಡ್ ಟು ಗ್ರೇಟ್’ ಪುಸ್ತಕ 2001ರಲ್ಲಿ ಬಂತು. ಅಮೆರಿಕದ 1,435 ಕಂಪನಿಗಳನ್ನು ಜರಡಿ ಹಿಡಿದು, ಸಾಧಾರಣ ಸ್ಥಿತಿಯಿಂದ ಮೇಲೇರಿದವೆಂದು ಅವರು ಆರಿಸಿದ್ದು ಬರೀ 11. ಅವುಗಳಲ್ಲೊಂದಾದ ಸರ್ಕ್ಯೂಟ್ ಸಿಟಿ 2008ರಲ್ಲಿ ದಿವಾಳಿಯೆದ್ದಿತು. ಅದೇ ವರ್ಷ, ಆ ಹನ್ನೊಂದರಲ್ಲೇ ಇದ್ದ ಫ್ಯಾನಿ ಮೇ ಸಂಸ್ಥೆಯನ್ನು ಸರ್ಕಾರವೇ ಹತೋಟಿಗೆ ತೆಗೆದುಕೊಳ್ಳಬೇಕಾಯಿತು. ಹಾಗಾದರೆ ಪುಸ್ತಕವನ್ನು ರದ್ದಿಗೆ ಹಾಕೋಣವೇ? ಗೆದ್ದ ಮೇಲೆ ಹಿಂತಿರುಗಿ ನೋಡಿದರೆ ಅದೃಷ್ಟವೂ ಗುಣದಂತೆಯೇ ಕಾಣುತ್ತದೆ ಎಂಬ ತಕರಾರು ನ್ಯಾಯವಾದದ್ದೇ. ಆದರೂ ಅಲ್ಲಿನ ಒಂದು ಪಾಠ ಷೇರಿನ ಬೆಲೆಯೊಂದಿಗೆ ಬಿದ್ದುಹೋಗುವುದಿಲ್ಲ: ಒಳ್ಳೆಯ ನಾಯಕ ಗೆದ್ದಾಗ ಕಿಟಕಿಯಾಚೆ ದುಡಿದವರ ಕಡೆ ಕೈ ತೋರಿಸುತ್ತಾನೆ, ಸೋತಾಗ ಕನ್ನಡಿಯ ಮುಂದೆ ನಿಲ್ಲುತ್ತಾನೆ. ಸೋತಾಗ ಮಾರುಕಟ್ಟೆಯನ್ನೋ ಕೈಕೆಳಗಿನವರನ್ನೋ ದೂರುವುದು ಎಷ್ಟು ಸಲೀಸು! ಕಾಲಿನ್ಸ್ ಕೂಡ ಕನ್ನಡಿಯತ್ತ ತಿರುಗಿದರೇನೋ: 2009ರಲ್ಲಿ ಅವರು ಬರೆದದ್ದು, ಬಲಿಷ್ಠ ಕಂಪನಿಗಳು ಹೇಗೆ ಬೀಳುತ್ತವೆ ಎಂಬ ಪುಸ್ತಕ.